ಕರಸೋಪಾನ ಮೀಮಾಂಸೆ

ರಾಜ್ಯದ ಆದಾಯ ತೆರಿಗೆಗೆ ಎಷ್ಟು ಮೆಟ್ಟಿಲು ಎಂದು ಶಿಷ್ಯ ಕೇಳಿದರೆ ಗುರು ಹೇಳಬೇಕಾದದ್ದು: ಒಂದೇ, ಅದಕ್ಕೂ ಆ ಹೆಸರಿಲ್ಲ. ಸಂಬಳದ ಆದಾಯ ತೆರಿಗೆ ಕೇಂದ್ರದ್ದು. ಕರ್ನಾಟಕದ ಕೈಗೆ ಬಂದದ್ದು 1976ರ ಕಾಯಿದೆಯ ವೃತ್ತಿ ತೆರಿಗೆ, ಕಚೇರಿಯ ಮಾತಿನಲ್ಲಿ ‘ಪಿ.ಟಿ.’. ಯಾದಗಿರಿ, ಶಹಾಪುರ, ಸುರಪುರದ ಜೀವಿಗಳನ್ನು ಇದರಂತೆ ವಿಂಗಡಿಸಿದರೆ ನಾಲ್ಕು ಪ್ರಭೇದ.

ಒಂದು: ಸೋಪಾನಸ್ಥರು. ಲಕ್ಷಣ, ತಿಂಗಳ ಸಂಬಳ 25,000 ಮುಟ್ಟಿರುವುದು. ಮುಟ್ಟಿದರೆ 200 ರೂಪಾಯಿ. 2025ರ ಏಪ್ರಿಲ್‌ನಿಂದೀಚೆಗೆ ಫೆಬ್ರುವರಿಗೆ ಮಾತ್ರ 300. ದಿನ ಕಡಿಮೆ ಇರುವ ತಿಂಗಳಿಗೇ ಭಾರ ಹೆಚ್ಚೇಕೆ? ಸಂವಿಧಾನದ 276ನೇ ವಿಧಿ ವರ್ಷಕ್ಕೆ 2,500ರ ಸೂರು ಹಾಕಿದೆ. ಹನ್ನೊಂದು ಇನ್ನೂರಕ್ಕೆ ಒಂದು ಮುನ್ನೂರು ಕೂಡಿಸಿದರೆ ತಲೆ ಸೂರಿಗೆ ತಾಗುತ್ತದೆ. ಆದ್ದರಿಂದ ಸುರಪುರದ ಗುಮಾಸ್ತನಿಗೂ ಬೆಂಗಳೂರಿನ ಲಕ್ಷಗಟ್ಟಲೆ ಸಂಬಳದ ಸಾಹೇಬನಿಗೂ ಇಲ್ಲಿ ಭೇದವಿಲ್ಲ. ಅದ್ವೈತ ಸಿದ್ಧಿಸಿದ್ದು ಸಂಬಳದ ಚೀಟಿಯಲ್ಲಿ. ಉಪಪ್ರಭೇದ: 24,900ರಲ್ಲಿ ನಿಂತವನು. ಸಂಬಳ 150 ಏರಿದ ತಿಂಗಳು ಇವನ ಕೈಗೆ 50 ಕಡಿಮೆ ಬರುತ್ತದೆ.

ಎರಡು: ಮುಕ್ತರು, ಅಂದರೆ ರೈತರು. ಕೃಷಿ ಆದಾಯಕ್ಕೆ ತೆರಿಗೆ ಹಾಕುವ ಅಧಿಕಾರ ಸಂವಿಧಾನ ಕೊಟ್ಟಿರುವುದು ರಾಜ್ಯಕ್ಕೇ. 1957ರಲ್ಲೇ ಕಾಯಿದೆಯೂ ಬಂತು. ಬರಬರುತ್ತ ಅದರ ಕಣ್ಣು ಕಾಫಿಯಂಥ ತೋಟಗಳ ಮೇಲೆ ನೆಟ್ಟಿತು. ನಾರಾಯಣಪುರದ ಕಾಲುವೆ ನೀರಿನ ಬತ್ತ, ಮಳೆ ನಂಬಿದ ತೊಗರಿ ಅದಕ್ಕೆ ಬೇಡವಾದವು. ತೊಗರಿ ನೆಟೆ ರೋಗಕ್ಕೆ ಒಣಗಿದ ವರ್ಷವಂತೂ ಮುಕ್ತಿ ಪರಿಪೂರ್ಣ: ತೆರಿಗೆಯೂ ಇಲ್ಲ, ಆದಾಯವೂ ಇಲ್ಲ.

ಮೂರು: ಉಭಯಚರರು. ವಾರವಿಡೀ ಸಾಲಿ ಮಾಸ್ತರು, ರವಿವಾರ ತೊಗರಿ ಹೊಲ. ಸಂಬಳ ಕೇಂದ್ರದ ಮಿತಿ ದಾಟಿ, ಹೊಲದ ಆದಾಯ 5,000 ಮೀರಿದರೆ, ಹೊಲದ ದುಡ್ಡಿಗೆ ತೆರಿಗೆ ಬೀಳದು. ಸಂಬಳದ ದರ ಏರಿಸಲು ಮಾತ್ರ ಅದನ್ನು ಲೆಕ್ಕಕ್ಕೆ ಕರೆಯುತ್ತಾರೆ. ಇನ್ನು ಕಡಿತ: ಕಟ್ಟಿದ ಪಿ.ಟಿ.ಯನ್ನು ಕೇಂದ್ರದ ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಸಂಬಳದಿಂದ ಕಳೆಯಬಹುದು. ಹೊಸದರಲ್ಲಿ ಆ ಬಾಗಿಲು ಮುಚ್ಚಿದೆ. ಆದರೆ ಅಲ್ಲಿ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ. “ಹಳೇದೇನ್ರಿ ಸರ, ಹೊಸದೇನ್ರಿ?” ಎಂಬುದು ಇವರ ವಾರ್ಷಿಕ ಶಾಸ್ತ್ರಾರ್ಥ.

ನಾಲ್ಕು: ಗುಳೆಯವರು. ಗಂಟು ಕಟ್ಟಿಕೊಂಡು ಬೆಂಗಳೂರಿಗೋ ಪುಣೆಗೋ ಹೋಗಿ ಗಾರೆ ಕೆಲಸ ಮಾಡುವವರು. ಪೂರ್ವಪಕ್ಷ: ಇವರಿಗೆ ಸಂಬಳದ ಚೀಟಿಯಿಲ್ಲ, ಮೆಟ್ಟಿಲೂ ಇಲ್ಲ, ಆದ್ದರಿಂದ ಇವರು ತೆರಿಗೆ ಕಟ್ಟದವರು. ಸಿದ್ಧಾಂತ ಬೇರೆ. ಬಸ್ ಹತ್ತುವ ಮುಂಚೆ ಮಗುವಿಗೆಂದು ಸ್ಟ್ಯಾಂಡಿನಲ್ಲಿ ಬಿಸ್ಕತ್ತಿನ ಪೊಟ್ಟಣ ಕೊಂಡರೆ, ಅದರ ಜಿಎಸ್‌ಟಿಯಲ್ಲಿ ಅರ್ಧ ರಾಜ್ಯದ್ದು. ಅದಕ್ಕೆ 25,000ದ ಗೆರೆಯಿಲ್ಲ, 2,500ರ ಸೂರಿಲ್ಲ, ಕಡಿತವೂ ಇಲ್ಲ. ಅಂಗಡಿಯವನು ಕೇಳುವುದು ಒಂದೇ: “ಚಿಲ್ಲರೆ ಐತೇನ್ ಯಕ್ಕಾ?”