ಕಡಲು: ಬಳಸುವ ಕ್ರಮ

ಕುಮಟಾ ಕಡೆಯ ಕಡಲನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದ. ಇದಕ್ಕೆ ವಯರಿಲ್ಲ, ಗುಂಡಿಯಿಲ್ಲ. ಬಂದ್ ಮಾಡುವ ಏರ್ಪಾಡನ್ನು ತಯಾರಿಸಿದವನು ಕೊಟ್ಟಿಲ್ಲ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ ತಾವಾಗಿಯೇ ಬರುತ್ತವೆ. ಎರಡು ಉಬ್ಬರವೂ ಒಂದೇ ಎತ್ತರ ಇರಬೇಕೆಂದು ಹಟ ಹಿಡಿಯಬೇಡಿ. ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ಒಂದು ದೊಡ್ಡದು, ಇನ್ನೊಂದು ಗಿಡ್ಡ.

ಮೊದಲು ಕೈಗಡಿಯಾರ ಬಿಚ್ಚಿಡಿ. ಕಡಲಿನ ದಿನ ಸುಮಾರು 24 ಗಂಟೆ 50 ನಿಮಿಷದ್ದು. ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರ ತನ್ನ ದಾರಿಯಲ್ಲಿ ತುಸು ಮುಂದೆ ಹೋಗಿರುತ್ತಾನೆ. ಮತ್ತೆ ಅವನ ಎದುರಿಗೆ ಬಂದು ನಿಲ್ಲಲು ಆ 50 ನಿಮಿಷ ಬೇಕು. ಈ ಭಾನುವಾರ ಬೆಳಿಗ್ಗೆ 10ಕ್ಕೆ ನೀರು ತುಂಬಿತ್ತೆಂದು ಮುಂದಿನ ಭಾನುವಾರವೂ ಅದೇ ಹೊತ್ತಿಗೆ ನೆಂಟರನ್ನು ಕರೆದುಕೊಂಡು ಅಳಿವೆಗೆ ಹೋದರೆ, ತೋರಿಸಲು ಕೆಸರು ಮಾತ್ರ ಸಿಗುತ್ತದೆ.

‘ಚಂದ್ರ ಭೂಮಿಯ ಆಚೆ ಬದಿಗಿದ್ದಾನೆ, ಆದರೂ ನೀರು ಏರುತ್ತಿದೆ’ ಎಂಬ ದೂರು ಆಗಾಗ ಬರುತ್ತದೆ. ರಿಪೇರಿ ಬೇಡ. ಚಂದ್ರ ತನ್ನ ಬದಿಯ ನೀರನ್ನು ಭೂಮಿಗಿಂತ ಹೆಚ್ಚು ಎಳೆಯುತ್ತಾನೆ, ಭೂಮಿಯನ್ನು ಆಚೆ ಬದಿಯ ನೀರಿಗಿಂತ ಹೆಚ್ಚು ಎಳೆಯುತ್ತಾನೆ. ಹಿಂದೆ ಉಳಿದ ನೀರೂ ಉಬ್ಬಿಕೊಳ್ಳುತ್ತದೆ. ಸೂರ್ಯನ ಪಾಲು ಇದರ ಅರ್ಧಕ್ಕಿಂತ ಕಡಿಮೆ. ಆದರೆ ಅಮಾವಾಸ್ಯೆ, ಹುಣ್ಣಿಮೆಗೆ ಇಬ್ಬರೂ ಒಂದೇ ಸಾಲಿಗೆ ಬಂದು ಕೈಜೋಡಿಸುತ್ತಾರೆ. ಅಷ್ಟಮಿಯ ಹೊತ್ತಿಗೆ ಒಬ್ಬರಿಗೊಬ್ಬರು ಅಡ್ಡ ನಿಲ್ಲುತ್ತಾರೆ. ಸರ್ವೆ ಆಫ್ ಇಂಡಿಯಾ ವರ್ಷವರ್ಷ ಉಬ್ಬರವಿಳಿತದ ಪಟ್ಟಿ ಅಚ್ಚು ಹಾಕುತ್ತದೆ. ಅದು ಕೈಗೆ ಸಿಗದಿದ್ದರೆ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ, ಮುಕ್ಕಾಲು ಕೆಲಸ ಮುಗಿಯಿತು. ಮಳೆಗಾಲದ ಗಾಳಿ ಮಾತ್ರ ಎರಡನ್ನೂ ಲೆಕ್ಕಕ್ಕೆ ಇಡುವುದಿಲ್ಲ.

ಪಳಗಿದ ಕೈಗಳನ್ನು ನೋಡಬೇಕಿದ್ದರೆ ಅಘನಾಶಿನಿ ಅಳಿವೆಗೆ ಹೋಗಿ. ನೀರು ಇಳಿದಾಗ ಜನ ಮೊಣಕಾಲುದ್ದ ನೀರಿನಲ್ಲಿ ಬಗ್ಗಿ, ಪಾದದಲ್ಲೇ ತಡಕಿ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ಯಾರ ಕೈಯಲ್ಲೂ ಗಡಿಯಾರವಿಲ್ಲ. ಕಣಕಾಲಿಗೆ ತಾಗುವ ನೀರು ದಿಕ್ಕು ಬದಲಿಸಿತೋ, ‘ನೀರು ತಿರುಗ್ತು ತಮಾ, ಹತ್ತು’ ಎಂದು ನನ್ನಂಥ ದಡ್ಡನನ್ನೂ ಮೇಲೆ ಹತ್ತಿಸುತ್ತಾರೆ. ಅಲ್ಲೇ ಪಕ್ಕದ ಗಜನಿ ಗದ್ದೆಗಳ ಕಟ್ಟೆಗೆ ಮರದ ಬಾಗಿಲು. ಮಳೆಗಾಲದಲ್ಲಿ ಇಳಿತಕ್ಕೆ ತೆಗೆದರೆ ಗದ್ದೆಯ ಹೆಚ್ಚಿನ ನೀರು ಹೊರಗೆ, ಉಬ್ಬರಕ್ಕೆ ಮುಚ್ಚಿದರೆ ಉಪ್ಪು ಹೊರಗೇ. ಅಷ್ಟಿಷ್ಟು ಉಪ್ಪು ಒಳಗೆ ಬಂದರೂ ಕಗ್ಗ ಭತ್ತ ತಡೆದುಕೊಳ್ಳುತ್ತದೆ. ಕೊಯ್ಲಾದ ಮೇಲೆ ಅದೇ ಬಾಗಿಲಿನಿಂದ ಉಪ್ಪುನೀರನ್ನು ಒಳಗೆ ಬಿಟ್ಟರೆ ಜೊತೆಗೆ ಸಿಗಡಿಯೂ ಬರುತ್ತದೆ. ಪಂಪಿಲ್ಲ, ಕರೆಂಟು ಬಿಲ್ಲಿಲ್ಲ.

ಕಡೆಯದಾಗಿ ಚಪ್ಪಲಿ. ನಾನು ಎರಡು ಜೊತೆ ಕಳೆದುಕೊಂಡ ಮೇಲೆ ಸೇರಿಸಿದ ಸೂಚನೆಯಿದು. ಮರಳಿನ ಮೇಲೆ ಕಸಕಡ್ಡಿ, ಒಡೆದ ಚಿಪ್ಪು, ತೆಂಗಿನ ಸಿಪ್ಪೆಯ ಒಂದು ಗೆರೆ ಕಾಣುತ್ತದೆ. ಹೋದ ಉಬ್ಬರ ಅಲ್ಲಿಯವರೆಗೆ ಬಂದಿತ್ತು. ಚಪ್ಪಲಿಯನ್ನು ಅದಕ್ಕಿಂತ ಸಾಕಷ್ಟು ಮೇಲೆ ಬಿಡಿ. ಅಮಾವಾಸ್ಯೆ ಹತ್ತಿರವಿದ್ದರೆ ಕೈಯಲ್ಲೇ ಹಿಡಿದುಕೊಳ್ಳಿ.