ಕಾಕಾ ತಿರುವಿದ ಸ್ಕ್ರೂ

ಕೆರೂರಿನಲ್ಲಿ ಬಾನೆಟ್ ಎತ್ತಿದ ಕಾರು ಯಾರೊಬ್ಬರ ಸ್ವಂತದ್ದಾಗಿ ಉಳಿಯುವುದಿಲ್ಲ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಬದಿಗೆ ಬೇವಿನ ನೆರಳು ಹುಡುಕಿ ನಿಲ್ಲಿಸಿ, ತಗಡನ್ನು ಒಂದು ಗೇಣು ಎತ್ತಿದರೆ ಸಾಕು, ಚಹಾದಂಗಡಿಯ ಬೆಂಚು ಖಾಲಿಯಾಗುತ್ತದೆ. ಬಾದಾಮಿ ಬಸ್ಸಿಗೆ ಕಾಯುತ್ತಿದ್ದವರು ಬರುತ್ತಾರೆ. ಬಸ್ಸು ಬಂದು ಹೋದರೂ ಅವರು ಹೋಗುವುದಿಲ್ಲ. ಕುರಿ ಸಂತೆಯ ದಿನವಾದರಂತೂ ಕುರಿಗಳೂ ಬಂದು ಬಂಪರ್ ಮೂಸುತ್ತವೆ. ಈ ಸಭೆಯಲ್ಲಿ ಕಾರಿನ ಯಜಮಾನನಿಗೆ ಇರುವ ಕೆಲಸ ಒಂದೇ, ಎಲ್ಲರಿಗೂ ಚಹಾ ಹೇಳುವುದು.

ನನ್ನದು ಮೂರು ಸಿಲಿಂಡರಿನ ಹಳೆಯ ಪೆಟ್ರೋಲ್ ಗಾಡಿ, ಕಾರ್ಬುರೇಟರ್ ಕಾಲದ್ದು. ಅದಕ್ಕೆ ಒಂದು ಬೇಸಿಗೆಯಲ್ಲಿ ವಿಚಿತ್ರ ಬೇನೆ ಹತ್ತಿತು. ಬೆಳಿಗ್ಗೆ ಚಂದ ಓಡುವುದು, ಸಂಜೆ ದೀಪ ಹಾಕಿದೊಡನೆ ಕೆಮ್ಮುವುದು. ಕಾಲು ಒತ್ತಿದರೆ ಪಿಕಪ್ ಇಲ್ಲ, ಸೈಲೆನ್ಸರಿನಿಂದ ಫಟ್ ಫಟ್, ಮೂಗಿಗೆ ಹಸಿ ಪೆಟ್ರೋಲಿನ ವಾಸನೆ. ಹಾರ್ನ್ ಒತ್ತಿದರೆ ಇಂಜಿನ್ನೇ ತಲೆ ತಗ್ಗಿಸುವುದು. ಹಾರ್ನಿಗೆ ಎಮ್ಮೆ ಸರಿಯುವುದಿಲ್ಲ ಎಂಬುದು ಲೋಕಾನುಭವ. ತನ್ನ ಹಾರ್ನಿಗೆ ತಾನೇ ಹೆದರುವ ಗಾಡಿಯನ್ನು ಮಾತ್ರ ನಾನು ಬೇರೆಲ್ಲೂ ಕಂಡಿಲ್ಲ.

ಚಿಕಿತ್ಸೆಯ ಮೊದಲ ಹಕ್ಕು ನಮ್ಮ ಕಾಕಾರದು. ಕಾಕಾ ಬಹಳ ವರ್ಷ ಡೀಸೆಲ್ ಜೀಪು ಓಡಿಸಿದವರು. ಕೆರೂರು, ಬಾದಾಮಿ, ಗುಳೇದಗುಡ್ಡದ ನಡುವೆ ಜನರನ್ನು ಒಳಗೆ, ಹೊರಗೆ, ಮೇಲೆ ಹೇರಿಕೊಂಡು, ಬಾನೆಟ್ ಮೇಲೆ ಕೂತವನಿಂದ ಅರ್ಧ ಚಾರ್ಜು ತೆಗೆದುಕೊಂಡ ಧರ್ಮಾತ್ಮರು. ಅವರ ಶಾಸ್ತ್ರದಲ್ಲಿ ಕರೆಂಟಿಗೆ ಸ್ಥಾನವೇ ಇಲ್ಲ. ಅವರ ಜೀಪಿನ ಮಟ್ಟಿಗೆ ಅದು ಸುಳ್ಳೂ ಅಲ್ಲ. ಹಳೆಯ ಡೀಸೆಲ್ ಇಂಜಿನ್ನಿನಲ್ಲಿ ಗಾಳಿಯನ್ನು ಒತ್ತಿದ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಎಣ್ಣೆ ತಳ್ಳುವ ಪಂಪನ್ನೂ ಇಂಜಿನ್ನೇ ತಿರುಗಿಸುತ್ತದೆ. ಒಮ್ಮೆ ಚಾಲೂ ಆಯಿತೆಂದರೆ ಬ್ಯಾಟರಿ ಬಿಚ್ಚಿ ಮನೆಗೊಯ್ದರೂ ಅದು ಓಡುತ್ತಲೇ ಇರುತ್ತದೆ. ಪೆಟ್ರೋಲ್ ಇಂಜಿನ್ನು ಅಷ್ಟು ಸ್ವಾವಲಂಬಿಯಲ್ಲ. ಅದಕ್ಕೆ ಪ್ರತಿ ಗುಟುಕಿಗೂ ಒಂದು ಕಿಡಿ ಬೇಕು, ಕಿಡಿಗೆ ಕರೆಂಟು ಬೇಕು. ಇದನ್ನು ಕಾಕಾರಿಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

“ಎಣ್ಣಿ ಸಾಲವಲ್ದು ತಮ್ಮಾ ಅದಕ್ಕ,” ಎಂದು ಕಾಕಾ ಕಾರ್ಬುರೇಟರಿನ ಐಡಲ್ ಸ್ಕ್ರೂವನ್ನು ಒಂದೂವರೆ ಸುತ್ತು ತಿರುವಿದರು. ಗಾಡಿ ಗುರ್ ಎಂದು ಚೇತರಿಸಿಕೊಂಡಿತು. ಹಾರ್ನ್ ಹೊಡೆದರೂ ತಲೆ ತಗ್ಗಿಸಲಿಲ್ಲ. ಸಭೆ ತಲೆದೂಗಿತು.

ಎರಡು ದಿನಕ್ಕೆ ಮತ್ತೆ ಕೆಮ್ಮು. ಈ ಸಲ ಬೈಕ್ ರಿಪೇರಿಯ ಹುಡುಗ ಪ್ಲಗ್ ಬಿಚ್ಚಿದ. ಪಕ್ಕದಲ್ಲಿದ್ದ ಕುರಿ ವ್ಯಾಪಾರಿಯೊಬ್ಬರು, ಕುರಿಯ ಬಾಯಿ ಬಿಡಿಸಿ ವಯಸ್ಸು ಹೇಳುವವರು, ಪ್ಲಗ್ಗನ್ನು ಕೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದು, “ಹಲ್ಲು ಕಪ್ಪಾಗ್ಯಾವ. ಭಾಳ ದಿನಾ ಬಾಳಂಗಿಲ್ಲ, ಮಾರಿಬಿಡ್ರಿ ಸರ” ಎಂದರು. ಹುಡುಗ ಕರಿ ಒರೆಸಿ, ಪ್ಲಗ್ಗಿನ ಸಂದನ್ನು ತಟ್ಟಿ ಕಿರಿದು ಮಾಡಿದ. ಮುಕ್ಕಾಲು ಮಿಲಿಮೀಟರ್ ಇದ್ದದ್ದು ಅರ್ಧಕ್ಕೆ ಬಂತು. ಗಾಡಿ ಮತ್ತೆ ಸುಧಾರಿಸಿತು! ಆಮೇಲೆ ರಜೆಯ ಮೇಲಿದ್ದ ಬಸ್ ಡ್ರೈವರ್ ಒಬ್ಬರು ಡಿಸ್ಟ್ರಿಬ್ಯೂಟರ್ ಸಡಿಲಿಸಿ ಟೈಮಿಂಗ್ ಚೂರು ಮುಂದಕ್ಕೆ ತಂದರು. ಅದಕ್ಕೂ ಗಾಡಿ ಒಂದಿಷ್ಟು ಮರ್ಯಾದೆ ಕೊಟ್ಟಿತು. ಪೆಟ್ರೋಲಿನಲ್ಲಿ ನೀರಿದೆ ಎಂದವರೂ ಇದ್ದರು, ದೃಷ್ಟಿಯಾಗಿದೆ ಎಂದ ವೈನಿಯೂ ಇದ್ದರು. ವೈನಿಯ ಲಿಂಬೆಹಣ್ಣು ಗಾಲಿಗೆ ಸಿಕ್ಕು ಅಪ್ಪಚ್ಚಿಯಾದ ದಿನವೂ, ಹಗಲಾದ್ದರಿಂದ, ಗಾಡಿ ಚೆನ್ನಾಗಿಯೇ ಓಡಿತು.

ರೋಗಕ್ಕಿಂತ ಈ ಔಷಧಿಗಳ ಕಥೆಯೇ ಸ್ವಾರಸ್ಯದ್ದು. ಒಂದಾದರೂ ಚೂರೂ ಕೆಲಸ ಮಾಡದೇ ಹೋಗಿದ್ದರೆ ಅದನ್ನು ಕೊಟ್ಟವರು ಸೋಲೊಪ್ಪುತ್ತಿದ್ದರು. ಎಲ್ಲವೂ ರವಷ್ಟು ಕೆಲಸ ಮಾಡಿದವು.

ಅಸಲು ರೋಗ ಬೇರೆ ಕಡೆ ಇತ್ತು. ನಮ್ಮ ಕಡೆ ಎಲ್ಲರೂ ಡೈನಮಾ ಎಂದೇ ಕರೆಯುವ ಆಲ್ಟರ್ನೇಟರ್ ಅರೆಜೀವವಾಗಿತ್ತು. ಇಂಜಿನ್ನಿನ ಬೆಲ್ಟಿನಿಂದ ತಿರುಗಿ, ಬ್ಯಾಟರಿ ತುಂಬಿಸಿ, ದೀಪ, ಫ್ಯಾನು, ಕಿಡಿ ಎಲ್ಲಕ್ಕೂ ಕರೆಂಟು ಹಂಚುವ ಯಂತ್ರ ಅದು. ಮೈಕೆಲ್ ಫ್ಯಾರಡೆ 1831ರಲ್ಲಿ ತಂತಿ ಸುರುಳಿ, ಅಯಸ್ಕಾಂತ ಹಿಡಿದು ಕಂಡುಕೊಂಡ ತತ್ವವೇ ಅದರ ಹೊಟ್ಟೆಯೊಳಗೆ ತಿರುಗುವುದು. ಮೊದಲು ಕಾರುಗಳಲ್ಲಿ ನಿಜವಾದ ಡೈನಮೋನೇ ಇತ್ತು. ಇಂಜಿನ್ ನಿಧಾನವಾದರೆ ಅದು ಕರೆಂಟು ಕೊಡುವುದನ್ನು ನಿಲ್ಲಿಸಿ ಸುಮ್ಮನಾಗುತ್ತಿತ್ತು. 1960ರಲ್ಲಿ ಅಮೆರಿಕದ ಕ್ರೈಸ್ಲರ್ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಕೂರಿಸಿತು, ಬರಬರುತ್ತಾ ಉಳಿದವರೂ ಅದೇ ದಾರಿ ಹಿಡಿದರು. ಯಂತ್ರ ಬದಲಾಯಿತು, ಹೆಸರನ್ನು ಬದಲಿಸಲು ನಮ್ಮ ಗ್ಯಾರೇಜುಗಳಿಗೆ ಪುರಸೊತ್ತಾಗಿಲ್ಲ.

ಆರೋಗ್ಯವಂತ ಆಲ್ಟರ್ನೇಟರ್ 14 ವೋಲ್ಟಿನ ಆಸುಪಾಸು ಕೊಡುತ್ತದೆ. ನನ್ನದು ದೀಪ ಹಾಕಿದೊಡನೆ ಕೈಚೆಲ್ಲುತ್ತಿತ್ತು, ಆಗ ಕಿಡಿ ಹುಟ್ಟಿಸುವ ಕಾಯಿಲಿಗೆ ಸಿಗುತ್ತಿದ್ದದ್ದು ಬ್ಯಾಟರಿಯ ಉಳಿಕೆ ಮಾತ್ರ. ವೋಲ್ಟು 14ರಿಂದ ಹತ್ತೂವರೆಗೆ, ಅಂದರೆ ಮುಕ್ಕಾಲಿಗೆ, ಇಳಿದರೆ ಕಿಡಿಯ ಶಕ್ತಿ ಮುಕ್ಕಾಲಿಗೇ ನಿಲ್ಲುವುದಿಲ್ಲ. ಮುಕ್ಕಾಲಿನ ಮುಕ್ಕಾಲು, ಅರ್ಧಕ್ಕಿಂತ ಚೂರು ಮೇಲೆ, ಅಷ್ಟಕ್ಕೆ ಬಂದು ಬೀಳುತ್ತದೆ. ಸುಮ್ಮನೆ ನಿಂತ ಇಂಜಿನ್ನಿಗೆ ಆ ಕಿಡಿ ಹೇಗೋ ಸಾಲುತ್ತದೆ. ಕಾಲು ಒತ್ತಿದಾಗ ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲು ದಟ್ಟವಾಗಿ ಒತ್ತಿಕೊಂಡಿರುತ್ತದೆ, ಅದರೊಳಗೆ ಹಾರಲು ಬಡ ಕಿಡಿಗೆ ತ್ರಾಣವಿರುವುದಿಲ್ಲ. ಹೊತ್ತದ ಪೆಟ್ರೋಲು ಸೈಲೆನ್ಸರಿಗೆ ಹೋಗಿ ಅಲ್ಲಿ ಫಟ್ ಎನ್ನುತ್ತದೆ. ಮಿಸ್ಸಿಂಗ್ ಎಂದು ಎಲ್ಲರೂ ಕಿವಿಯಿಂದ ಗುರುತಿಸಿದ್ದು ಸರಿಯೇ. ಕೈ ಹಚ್ಚಿದ ಜಾಗ ಬೇರೆ.

ಕಾಕಾ ಸ್ಕ್ರೂ ತಿರುವಿದಾಗ ಇಂಜಿನ್ ಜೋರಾಗಿ ತಿರುಗಿತು, ಜೊತೆಗೆ ಆಲ್ಟರ್ನೇಟರೂ ಜೋರಾಗಿ ತಿರುಗಿ ನಾಲ್ಕು ಕಾಸು ಹೆಚ್ಚು ಕರೆಂಟು ಕೊಟ್ಟಿತು. ಎಣ್ಣೆ ಸಾಕಾಯಿತೆಂದು ಕಾಕಾ ತಿಳಿದರು. ಹುಡುಗ ಪ್ಲಗ್ಗಿನ ಸಂದು ಕಿರಿದು ಮಾಡಿದಾಗ ಬಡ ಕಿಡಿಗೆ ದಾಟುವ ಹಳ್ಳ ಸಣ್ಣದಾಯಿತು. ಪ್ಲಗ್ಗೇ ರೋಗಿಯೆಂದು ಅವನು ತಿಳಿದ. ಡ್ರೈವರ್ ಸಾಹೇಬರ ಟೈಮಿಂಗ್ ಕೂಡ ತಡವಾಗಿ ಹೊತ್ತುತ್ತಿದ್ದ ಬೆಂಕಿಗೆ ಚೂರು ಮುಂಚೆ ಕರೆ ಕೊಟ್ಟಿತು, ಅಷ್ಟೆ. ಹೀಗೆ ಒಂದು ಯಂತ್ರದ ಕಾಯಿಲೆಗೆ ತಕ್ಕಂತೆ ಉಳಿದ ಆರೋಗ್ಯವಂತ ಭಾಗಗಳೆಲ್ಲ ಸೊಟ್ಟಗಾದವು. ಜ್ವರದಲ್ಲಿ ಸೊರಗಿದವನ ಅಳತೆ ಹಿಡಿದು ಮದುವೆ ಅಂಗಿ ಹೊಲಿಸಿದಂತಾಯಿತು ನನ್ನ ಗಾಡಿಯ ಟ್ಯೂನಿಂಗು.

ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪ ಹತ್ತಬೇಕಿತ್ತಲ್ಲ ಎಂದು ತಿಳಿದವರು ಕೇಳಬಹುದು. ಆಲ್ಟರ್ನೇಟರ್ ಪೂರ್ತಿ ಸತ್ತರೆ ಅದು ಧಾರಾಳವಾಗಿ ಹತ್ತುತ್ತದೆ. ಅರೆಜೀವವಾದಾಗ ಎಷ್ಟೋ ಸಲ ಹತ್ತುವುದೇ ಇಲ್ಲ, ಹತ್ತಿದರೂ ಏಪ್ರಿಲ್ ತಿಂಗಳ ಬಾಗಲಕೋಟೆ ಬಿಸಿಲಿನಲ್ಲಿ ಕಾಣದಷ್ಟು ಮಂಕು.

ಬನಶಂಕರಿಗೆ ಹೋಗಿ ಕತ್ತಲಾದ ಮೇಲೆ ಮರಳುವಾಗ ಸತ್ಯ ಹೊರಬಿತ್ತು. ಬಾದಾಮಿ ದಾಟುವಷ್ಟರಲ್ಲಿ ಹೆಡ್‌ಲೈಟು ಹಳದಿಗೆ ತಿರುಗಿತು, ಆಮೇಲೆ ಕೇಸರಿಗೆ. ನಮ್ಮ ಕೆರೂರಿನ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತ ಕಥೆಗಾರ ಕೆರೂರ ವಾಸುದೇವಾಚಾರ್ಯರು ತಮ್ಮ ಒಂದು ಕಥಾಸಂಕಲನಕ್ಕೆ ‘ಬೆಳಗಿದ ದೀಪಗಳು’ ಎಂದು ಹೆಸರಿಟ್ಟರು. ಬಾಗಲಕೋಟೆಯ ವಕೀಲರಾಗಿದ್ದ ಅವರು ನನ್ನ ಗಾಡಿಯಲ್ಲಿ ಕೂತಿದ್ದರೆ ಆ ಹೆಸರಿಗೆ ತಕರಾರು ಅರ್ಜಿ ಹಾಕಿಕೊಳ್ಳುತ್ತಿದ್ದರು. ಊರು ಕಾಣುವ ದೂರದಲ್ಲಿ ಗಾಡಿ ನಿಂತಿತು. ಸೆಲ್ಫ್ ಹೊಡೆದರೆ ಟಕ್ ಎಂದು ಒಂದೇ ಮಾತು.

“ನೂಕ್ರಿ, ನೂಕ್ರಿ!” ಎಂದು ಕಾಕಾ ಕೆಳಗಿಳಿದರು. ದಾರಿಹೋಕರು ಕೂಡಿ ನೂಕಿದರು. ಬ್ಯಾಟರಿಯಲ್ಲಿ ಕೊಂಚ ಜೀವ ಉಳಿದಿದ್ದರೆ ನೂಕಿದ ಗಾಡಿ ಎದ್ದೀತು. ಪೂರ್ತಿ ಬರಿದಾಗಿದ್ದರೆ ಕಾಯಿಲಿಗೂ ಕರೆಂಟಿಲ್ಲ; ಆಲ್ಟರ್ನೇಟರಿಗೂ ತನ್ನೊಳಗಿನ ಅಯಸ್ಕಾಂತ ಎಬ್ಬಿಸಿಕೊಳ್ಳಲು ಮೊದಲ ಕೈಗಡವಾಗಿ ಒಂದಿಷ್ಟು ಬ್ಯಾಟರಿ ಕರೆಂಟೇ ಬೇಕು. ಸಾಲ ಹುಟ್ಟದಿದ್ದರೆ ದುಡಿಮೆಯೂ ಇಲ್ಲ. ಹಾಗಾಗಿ ಅವರು ನೂಕಿದ್ದು ಗಾಡಿ ಚಾಲೂ ಮಾಡಲಿಕ್ಕೆ, ಗಾಡಿ ಬಂದದ್ದು ಮನೆಯವರೆಗೆ.

ಮರುದಿನ ವೈರಿಂಗ್ ಕೆಲಸದ ಉಸ್ತಾದರು ಬಂದರು. ಅವರು ಯಾವ ಸ್ಕ್ರೂವನ್ನೂ ಮುಟ್ಟಲಿಲ್ಲ, ಸಭೆಗೆ ಅದೇ ಮೊದಲ ನಿರಾಸೆ. ಬೇರೆ ಬ್ಯಾಟರಿ ಕೂರಿಸಿ, ಗಾಡಿ ಚಾಲೂ ಮಾಡಿ, ಮೀಟರಿನ ಎರಡು ಕಡ್ಡಿ ಹಚ್ಚಿ, “ರೇಸ್ ಕೊಡ್ರಿ ಸರ” ಎಂದರು. ಮುಳ್ಳು ಹನ್ನೆರಡೂವರೆ ದಾಟಲಿಲ್ಲ. ದೀಪ ಹಾಕಿಸಿದರು, ಹನ್ನೊಂದೂವರೆ. “ಡೈನಮಾ ಚಾರ್ಜ್ ಹೊಡಿವಲ್ದರಿ.”

ಬಿಚ್ಚಿದಾಗ ಒಳಗೆ ಒಂದು ಕಾರ್ಬನ್ ಬ್ರಷ್ ಸವೆದು ಚೂರಾಗಿತ್ತು, ಒಂದು ಡಯೋಡ್ ಸತ್ತಿತ್ತು. ನಮ್ಮ ಎರೆಮಣ್ಣಿನ ಧೂಳು ತಿಂದ ಕಾರ್ಬನ್ ಇನ್ನೆಷ್ಟು ದಿನ ಬಾಳೀತು? ಹೊಸ ಕಾರ್ಬನ್ ಜೋಡಿಯ ಬೆಲೆ, ಅಲ್ಲಿಯವರೆಗೆ ವೈದ್ಯರಿಗೆಲ್ಲ ನಾನು ಕುಡಿಸಿದ ಚಹಾಕ್ಕಿಂತ ಕಡಿಮೆ.

ಬೆಂಗಳೂರಿನಿಂದ ಬಂದಿದ್ದ ನನ್ನ ಅಕ್ಕನ ಮಗ ಇದನ್ನೆಲ್ಲ ಕೇಳಿ ನಕ್ಕ. “ಮಾಮಾ, ನನ್ನ ಗಾಡಿಗೆ ಇಂಥ ಗದ್ದಲಾನ ಇಲ್ಲ. ಸ್ಕ್ಯಾನರ್ ಹಚ್ಚಿದ್ರ ಅದ ಹೇಳ್ತದ.” ಮುಂದೆ ಅವನ ಗಾಡಿಯೂ ಎಳೆದಾಡತೊಡಗಿದಾಗ ಮೊಬೈಲಿನಲ್ಲಿ ಓದಿ ಹೇಳಿದ: ಪಿ0300, ಮಿಸ್ಸಿಂಗ್, ಪಿ0171, ಪೆಟ್ರೋಲ್ ಕಡಿಮೆ. “ಎಣ್ಣಿ ಸಾಲವಲ್ದು ಅಂತನ ಹೇಳ್ತದಲ್ಲ ಅದೂ!” ಎಂದು ಕಾಕಾ ಕುರ್ಚಿಯಿಂದ ಎದ್ದೇಬಿಟ್ಟರು.

ಅವನ ಇಂಜಿನ್ನನ್ನು ನಡೆಸುವ ಕಂಪ್ಯೂಟರು, ಇಸಿಯು ಎಂಬ ಪೆಟ್ಟಿಗೆಯೂ, ಕಾಕಾರ ಶಿಷ್ಯನೇ ಇರಬೇಕು. ವೋಲ್ಟು ಇಳಿದಾಗ ಇಂಜೆಕ್ಟರುಗಳು ತಡವಾಗಿ ಬಾಯಿ ತೆರೆಯುತ್ತವೆ. ಪೆಟ್ಟಿಗೆ ಅದನ್ನು ಲೆಕ್ಕ ಹಾಕಿ ಅವು ತೆರೆದಿರುವ ಹೊತ್ತನ್ನು ಹಿಗ್ಗಿಸುತ್ತದೆ. ಟ್ಯಾಂಕಿನೊಳಗಿನ ಪಂಪು ಸೋತರೆ ಆ ಲೆಕ್ಕವೂ ತಪ್ಪುತ್ತದೆ. ಕಿಡಿ ತಪ್ಪಿದಾಗ ಉರಿಯದ ಗಾಳಿ ಹಾಗೆಯೇ ಸೈಲೆನ್ಸರಿಗೆ ಬರುತ್ತದೆ. ಅಲ್ಲಿ ಕೂತ ಆಕ್ಸಿಜನ್ ಸೆನ್ಸರ್ ಅದನ್ನು ಕಂಡು ಪೆಟ್ರೋಲ್ ಕಡಿಮೆಯಾಗಿದೆ ಎಂದು ವರದಿ ಕೊಡುತ್ತದೆ. ಪೆಟ್ಟಿಗೆ ಇನ್ನಷ್ಟು ಸುರಿಯುತ್ತದೆ, ಸುರಿದದ್ದನ್ನು ನೆನಪಿಟ್ಟುಕೊಂಡು ನಾಳೆಯೂ ಸುರಿಯುತ್ತದೆ. ಆವರೇಜ್ ಬಿದ್ದುಹೋಗುತ್ತದೆ. ಪಟ್ಟಿಯ ಕಟ್ಟಕಡೆಗೆ, ಸಭೆಯಲ್ಲಿ ಯಾರೂ ಮಾತಾಡಗೊಡದ ಹಿರಿಯರ ಧಾಟಿಯಲ್ಲಿ, ಪಿ0562 ಎಂಬುದೊಂದು ಇತ್ತು. ಅಂದರೆ ವೋಲ್ಟು ಕಡಿಮೆ. ಅಳಿಯ ಅದನ್ನು ಓದದೇ ಮೊಬೈಲ್ ಮುಚ್ಚಿ, ಆಕ್ಸಿಜನ್ ಸೆನ್ಸರಿಗೆ ಆರ್ಡರ್ ಹಾಕಿದ್ದ.

ನನ್ನ ಗಾಡಿಗೆ ಹೊಸ ಡಯೋಡ್, ಕಾರ್ಬನ್ ಬಿದ್ದ ದಿನ ಮೀಟರಿನ ಮುಳ್ಳು 14ಕ್ಕೆ ಏರಿ ನಿಂತಿತು. ಗಾಡಿ ಮಾತ್ರ ನಿಲ್ಲಲೊಲ್ಲದು! ಕಿಡಿ ಬಲವಾದೊಡನೆ ಕಾಕಾರ ಒಂದೂವರೆ ಸುತ್ತು ಒಮ್ಮೆಲೇ ಜೀವ ತಳೆಯಿತು. ನ್ಯೂಟ್ರಲ್ಲಿನಲ್ಲೇ ಹಿಟ್ಟಿನ ಗಿರಣಿ ಸಪ್ಪಳ. ಮುಂದಕ್ಕೆ ತಂದ ಟೈಮಿಂಗಿನಿಂದ ಏರಿನಲ್ಲಿ ಇಂಜಿನ್ ಟಣಟಣ ಬಡಿದುಕೊಂಡಿತು. ಉಸ್ತಾದರು ಟೈಮಿಂಗ್ ಹಿಂದಕ್ಕೆ ತಂದರು, ಪ್ಲಗ್ಗಿನ ಸಂದು ಅಗಲಿಸಿದರು. ಡ್ರೈವರ್ ಊರಲ್ಲಿರಲಿಲ್ಲ, ಹುಡುಗನಿಗೆ ಬೇರೆ ಗಿರಾಕಿ ಬಂದಿದ್ದರು. ಯಾರೂ ತಕರಾರು ಮಾಡಲಿಲ್ಲ. ಸ್ಕ್ರೂಡ್ರೈವರ್ ಕಾರ್ಬುರೇಟರಿನತ್ತ ಹೊರಳಿದಾಗ ಕಾಕಾ ಅಡ್ಡ ನಿಂತರು.

“ಆ ಸ್ಕ್ರೂಗೆ ಕೈ ಹಚ್ಚಬ್ಯಾಡ್ರಿ ಉಸ್ತಾದ. ಇಷ್ಟ ದಿನಾ ಗಾಡಿ ಓಡಿದ್ದ ಅದರ ಮ್ಯಾಲ.”

“ಹೌದ್ರಿ ಕಾಕಾ, ಆದ್ರ ಈಗ ನಿಂತಲ್ಲೇ ವಿಜಾಪುರಕ್ಕ ಹೊಂಟೇತ್ರಿ.”

ಚಹಾ ಬಂತು. ವಾದ ನಡೆಯಿತು. ಕೊನೆಗೆ ಒಂದು ಸುತ್ತು ಹಿಂದಕ್ಕೆ ತಿರುವುವುದು, ಅರ್ಧ ಸುತ್ತನ್ನು ಕಾಕಾರ ಮರ್ಯಾದೆಗಾಗಿ ಹಾಗೆಯೇ ಬಿಡುವುದು ಎಂದು ತೀರ್ಮಾನವಾಯಿತು. ಆ ಅರ್ಧ ಸುತ್ತಿನ ಪೆಟ್ರೋಲ್ ಖರ್ಚು ಮಾತ್ರ ನನ್ನ ಲೆಕ್ಕಕ್ಕೆ.