ಗಾಡಿಯ ರಟ್ಟೆ

ಯಲ್ಲಮ್ಮನ ಗುಡ್ಡಕ್ಕೆ ಹತ್ತಿಕೊಂಡಿರುವ ನಮ್ಮ ಉಗರಗೋಳದಲ್ಲಿ ಗಾಡಿ ನೋಡುವ ಕಣ್ಣು ಹುಟ್ಟಿನಿಂದಲೇ ಬಂದಿರುತ್ತದೆ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಸಾಲು ಹಿಡಿದು ಬರುವ ಕೊಲ್ಲಾರಿ ಚಕ್ಕಡಿಗಳ ಸಪ್ಪಳ ಕೇಳಿಯೇ ಕಟ್ಟೆಯ ಮೇಲಿನ ಮುದುಕರು, ‘ಕೀಲೆಣ್ಣಿ ಆರೇತಿ’ ಎಂದುಬಿಡುತ್ತಾರೆ. ಇಂಥವರ ಮುಂದೆ ನನ್ನ ಮಗ ಎರಡಿಂಚು ಎತ್ತರಿಸಿದ ಸೆಕೆಂಡ್ ಹ್ಯಾಂಡ್ ಪಿಕಪ್ ತಂದು ನಿಲ್ಲಿಸಿದ.

‘ಇದೇನ್ ಮಾಸ್ತರ್ರ, ಗಾಡಿ ತುದಿಗಾಲ ಮ್ಯಾಲ ನಿಂತೈತಿ?’ ಎಂದರು ಒಬ್ಬರು.

ಎರಿ ಹೊಲದ ಕೆಸರಿಗೆ ಎತ್ತರ ಬೇಕು ಎಂಬುದು ಮಗನ ವಾದ. ಮಳೆಯಾದ ಮೇಲೆ ನಾಲ್ಕು ದಿನ ನಮ್ಮ ಹೊಲಕ್ಕೆ ಎತ್ತುಗಳೇ ಇಳಿಯುವುದಿಲ್ಲ ಎಂದು ಹೇಳೋಣವೆಂದುಕೊಂಡೆ, ಹೇಳಲಿಲ್ಲ. ರಜೆ ಮುಗಿಸಿ ಅವನು ಪುಣೆಗೆ ಹೋದ. ಗಾಡಿ ನನ್ನ ಕೊರಳಿಗೆ ಬಿತ್ತು. ಹೆಂಡತಿ ಒಳಗೆ ಹತ್ತಬೇಕಾದರೆ ಅಡುಗೆಮನೆಯ ಮಣೆ ಹೊರಗೆ ಬರಬೇಕು. ಅವಳು ಹತ್ತಿದ ಮೇಲೆ ಮಣೆಯೂ ಹತ್ತಬೇಕು, ಯಾಕೆಂದರೆ ಮುಂದೆ ಇಳಿಯುವುದೂ ಇದೆಯಲ್ಲ.

ಸವದತ್ತಿ ರಸ್ತೆಯಲ್ಲಿ ಅದು ಪಳಗದ ಹೋರಿಯಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಗ್ಗತೊಡಗಿತು. ತಿರುವಿನಲ್ಲಿ ತಿರುಗಿಸಿದ ಸ್ಟೇರಿಂಗು ತಾನಾಗಿ ನೆಟ್ಟಗಾಗದು. ಮುಂದಿನ ಟೈರುಗಳು ಒಂದೇ ಅಂಚಿಗೆ ಸವೆದವು. ಮಿಸ್ತ್ರಿ ಅಡಿಗೆ ಅಂಗಾತ ಮಲಗಿ ನೋಡಿ ಎದ್ದು ಬಂದ.

‘ಎತ್ತರ ಮಾಡಾಕ ಹಿಂದ ಪಾಟಾ ಸೇರಿಸ್ಯಾರ, ಮುಂದ ಸ್ಪ್ರಿಂಗಿಗೆ ಮಣಿ ಹಾಕ್ಯಾರ. ರಟ್ಟಿ ಮಾತ್ರ ಹಳೇದ ಬಿಟ್ಟಾರ್ರಿ.’

ರಟ್ಟೆ ಎಂದರೆ ಕಂಟ್ರೋಲ್ ಆರ್ಮು. ಗಾಲಿಯನ್ನು ಚಾಸಿಗೆ ಹಿಡಿದುಕೊಂಡು ಮೇಲೆ ಕೆಳಗೆ ಆಡಲು ಬಿಡುವ ತೋಳು ಅದು. ನಮ್ಮಂಥ ಪಿಕಪ್ಪಿನ ಮುಂದೆ ಪ್ರತಿ ಗಾಲಿಗೆ ಮೇಲೊಂದು, ಕೆಳಗೊಂದು; ಒಟ್ಟು ನಾಲ್ಕು. ಚತುರ್ಭುಜ! ಮೈ ಎತ್ತರಿಸಿದಾಗ ಗಾಲಿ ನೆಲದಲ್ಲೇ ಉಳಿಯುತ್ತದೆ, ತೋಳು ಇಳಿಜಾರಾಗಿ ಜೋತುಬೀಳುತ್ತದೆ. ತುದಿಯ ಬಾಲ್ ಜಾಯಿಂಟು ತನ್ನ ತಿರುವಿನ ಕೊನೆ ಮುಟ್ಟುತ್ತದೆ. ಗಾಲಿಯನ್ನು ನೆಟ್ಟಗಿಡುವ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ಅಲೈನ್‌ಮೆಂಟಿನವರು ಬೋಲ್ಟನ್ನು ಕೊನೆತನಕ ತಿರುಗಿಸಿದರೂ ಲೆಕ್ಕ ಕೂಡುವುದಿಲ್ಲ. ಆದ್ದರಿಂದ ಮೇಲಿನ ಎರಡು ತೋಳು ಬದಲಿಸಬೇಕು, ಕೋನ ತಿದ್ದಿ ಮಾಡಿದವನ್ನೇ ಹಾಕಬೇಕು.

ಪರಶುರಾಮನು ಕಾರ್ತವೀರ್ಯಾರ್ಜುನನ ಸಾವಿರ ತೋಳು ಕಡಿದ ಕತೆ ಕೇಳುತ್ತಾ ಬೆಳೆದವನು ನಾನು. ಪರಶುರಾಮನ ತಾಯಿ ಯಲ್ಲಮ್ಮನ ಗುಡ್ಡ ದಿನಾ ಕಣ್ಣಮುಂದೆ. ಅಷ್ಟು ತೋಳು ಎಲ್ಲಿ ಹೋದವೋ, ನನಗೆ ಬೇಕಾದ ಎರಡು ಮಾತ್ರ ಸಿಗಲೊಲ್ಲವು.

ಮಗ ಫೋನಿನಲ್ಲಿ ಕಳಿಸಿದ ಚಿತ್ರಗಳಲ್ಲಿ ತಗಡು ಒತ್ತಿ ಮಾಡಿದ್ದಿತ್ತು, ಕೊಳವೆ ಬಗ್ಗಿಸಿ ಬೆಸುಗೆ ಹಾಕಿದ್ದಿತ್ತು, ಕಾಸಿ ಬಡಿದದ್ದಿತ್ತು, ಬೆಳ್ಳಿಯಂತೆ ಹೊಳೆಯುವ ಅಲ್ಯೂಮಿನಿಯಮ್ಮಿನದೂ ಇತ್ತು. ಹೆಂಡತಿ ಕೆಂಪು ಬಣ್ಣದ್ದನ್ನು ಮೆಚ್ಚಿದಳು. ಗಾಡಿಯ ಅಡಿಗೆ ಹೋಗುವ ವಸ್ತುವಿಗೆ ಬಣ್ಣವೇಕೆ ಎಂದೆ. ‘ಕಾಲುಂಗರ ಸೀರಿ ಒಳಗ ಇದ್ರೂ ಬೆಳ್ಳೀದs ಇರ್ತೈತಿ’ ಎಂದಳು. ಇದಕ್ಕೆ ಉತ್ತರ ಯಾವ ಮೆಕ್ಯಾನಿಕಲ್ ಪುಸ್ತಕದಲ್ಲೂ ಇರಲಾರದು.

ಮಿಸ್ತ್ರಿ ಬಣ್ಣ ನೋಡಲಿಲ್ಲ. ಬೆಸುಗೆಯ ಮೇಲೆ ಉಗುರು ಎಳೆದ, ಬಾಲ್ ಜಾಯಿಂಟು ಬಿಚ್ಚಿ ಹಾಕಲು ಬರುತ್ತದೆಯೇ ಎಂದು ವಿಚಾರಿಸಿದ. ಅದು ಸವೆದರೆ ಇಡೀ ತೋಳನ್ನೇ ಎಸೆಯಬಾರದಲ್ಲ. ಆಮೇಲೆ ಬುಶ್ಶಿನ ಪ್ರಶ್ನೆ. ರಬ್ಬರಿನದು ಮೆತ್ತಗೆ, ನಡುಕ ನುಂಗುತ್ತದೆ. ಪಾಲಿಯುರೆಥೇನಿನದು ಗಟ್ಟಿ, ಹಿಡಿತ ಚೆಂದ. ಆದರೆ ಗ್ರೀಸು ತಪ್ಪಿದರೆ ಕಿರಗುಟ್ಟುತ್ತದೆ. ಕಟ್ಟೆಯ ಮುದುಕರ ನೆನಪಾಗಿ ನಾನು ರಬ್ಬರೇ ಸಾಕೆಂದೆ.

ಇಷ್ಟಾಗುವ ಹೊತ್ತಿಗೆ ನೆಂಟನೊಬ್ಬ ಕಾಯ್ದೆ ತೆಗೆದ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪು: ಕಂಪನಿಯ ಮೂಲ ನಮೂನೆಗೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದವನೇ ಮಿಸ್ತ್ರಿಗೆ ಹೇಳಿದೆ: ‘ಮಣಿ ತಗದುಬಿಡಪಾ. ಪಾಟಾನೂ ತಗಿ. ಗಾಡಿ ಹೆಂಗ ಹುಟ್ಟಿತ್ತೋ ಹಂಗ ಮಾಡು.’

ಅವನಿಗೆ ಬೇಸರವಾದದ್ದು ಮುಖದಲ್ಲೇ ಕಂಡಿತು. ಎಂಟು ದಿನದ ನಮ್ಮ ವಿದ್ಯಾಭ್ಯಾಸವೆಲ್ಲ ನೀರುಪಾಲು. ಹಳೆಯವು ಸವೆದಿದ್ದರಿಂದ ಕಂಪನಿಯ ನಮೂನೆಯದೇ ಹೊಸ ತೋಳು ತರಿಸಿ ಕೂರಿಸಿದ, ಬೋಲ್ಟು ಮಾತ್ರ ಪೂರ್ತಿ ಬಿಗಿಯಲಿಲ್ಲ. ಗಾಲಿ ಜೋತಾಡುವಾಗ ಬಿಗಿದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದಂತೆ. ನೆಲಕ್ಕಿಳಿಸಿ, ದಿನದ ಭಾರ ಹೇರಿ ಬಿಗಿಯಬೇಕು.

‘ದಿನಾ ಏನ್ ಹೇರತೀರಿ ಸರ?’

ಹೆಂಡತಿಯ ಕಡೆ ನೋಡಿದೆ. ಅವಳು ರೂಢಿಯಂತೆ ಮಣೆ ಇಟ್ಟು ಕಾಲೆತ್ತಿದಳು. ಎರಡಿಂಚು ತಗ್ಗಿದ್ದ ಬಾಗಿಲಿಗೆ ತಲೆ ಬಡಿಯಿತು.


‘ಯವ್ವಾ!’ ಎಂದು ಹಣೆ ಹಿಡಿದುಕೊಂಡು ಒಳಗೆ ಕೂತಳು. ಮಿಸ್ತ್ರಿ ಪಾನಾ ತೆಗೆದುಕೊಂಡು ಅಡಿಗೆ ಸರಿದ.